ಪ್ಲುತಕ್ಕೊಂದು ಪ್ಯಾಡ್ಲ್

ಮೋರ್ಸ್ ಕಳಿಸಲು ಒಂದು ಕೀ ಸಾಕು. ಒತ್ತು, ಬಿಡು, ಅಷ್ಟೇ. ಇಷ್ಟು ಸುಲಭದ್ದನ್ನು ಕಷ್ಟ ಮಾಡಿಕೊಳ್ಳದಿದ್ದರೆ ನಮ್ಮಂಥ ಹವ್ಯಾಸಿ ರೇಡಿಯೋ ಹ್ಯಾಮ್‌ಗಳಿಗೆ ಹೊತ್ತು ಹೋಗುವುದು ಹೇಗೆ? ಅದಕ್ಕೇ ಎಲೆಕ್ಟ್ರಾನಿಕ್ ಕೀಯರ್. ಅದಕ್ಕೆ ಸಿಕ್ಕಿಸಿದ ಪ್ಯಾಡ್ಲ್‌ನ ಎಡ ರೆಕ್ಕೆಯನ್ನು ಹೆಬ್ಬೆರಳಲ್ಲಿ ತಳ್ಳಿದರೆ ಅದು ಚುಕ್ಕೆಗಳನ್ನು, ಅಂದರೆ ಡಿಟ್‌ಗಳನ್ನು ಉದುರಿಸುತ್ತದೆ. ಬಲ ರೆಕ್ಕೆಗೆ ತೋರುಬೆರಳು ತಾಗಿದರೆ ಗೆರೆ, ಅಂದರೆ ಡಾ. ಎರಡನ್ನೂ ಹಿಂಡಿ ಹಿಡಿದರೆ ಒಂದಾದ ಮೇಲೊಂದು.

ಡಾ ಎಂಬುದು ಡಿಟ್‌ನ ಮೂರರಷ್ಟು ಉದ್ದ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಶಾಲೆಯಲ್ಲಿ ಉರು ಹೊಡೆಯುವಾಗ ಈ ಪ್ಲುತ ಯಾವ ಸುಖಕ್ಕೆ ಅನ್ನಿಸುತ್ತಿತ್ತು. ದೂರದವರನ್ನು ಕೂಗಿ ಕರೆಯುವುದಕ್ಕೆ ಎಂದಿದ್ದರು ಮೇಷ್ಟ್ರು. 7 ಮೆಗಾಹರ್ಟ್ಸ್‌ನಲ್ಲಿ ರಾತ್ರಿ ಕೂತು ನಾವು ಮಾಡುವುದೂ ಅದನ್ನೇ.

ತಂತಿ ಕಚೇರಿಯಿಂದ ನಿವೃತ್ತರಾದ ರಾಯರು ನಮ್ಮ ಬೀದಿಯಲ್ಲೇ ಇದ್ದಾರೆ. 2013ರ ಜುಲೈಯಲ್ಲಿ ಸರ್ಕಾರ ತಂತಿ ಸೇವೆ ನಿಲ್ಲಿಸಿದ್ದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ. ನನ್ನ ಕೀಯರ್ ಡಬ್ಬಿ ನೋಡಿ, "ಮಾತ್ರೆ ಎಣಿಸೋಕೂ ಮಿಷನ್ನೇನಯ್ಯಾ? ಮಣಿಕಟ್ಟು ಏನಾಯ್ತು?" ಎಂದರು.

ಇನ್ನು ಜೋಡಣೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 3.5 ಎಂಎಂ ಪ್ಲಗ್ ಕೇಳಿದರೆ ಅಂಗಡಿಯ ಹುಡುಗ, "ಮೊನೊನಾ, ಸ್ಟೀರಿಯೋನಾ ಸಾರ್?" ಎಂದ. ಇಡೀ ಶಾಸ್ತ್ರ ಈ ಒಂದು ಪ್ರಶ್ನೆಯೊಳಗಿದೆ. ಪ್ಯಾಡ್ಲ್‌ನಿಂದ ಕೀಯರ್‌ಗೆ ಮೂರು ತಂತಿ: ಸಾಮಾನ್ಯವಾಗಿ ಪ್ಲಗ್‌ನ ತುದಿಗೆ ಡಿಟ್, ನಡುವಿನ ಉಂಗುರಕ್ಕೆ ಡಾ, ಬುಡಕ್ಕೆ ಗ್ರೌಂಡ್. ಇಲ್ಲಿ ಮೊನೊ ಪ್ಲಗ್ ಚುಚ್ಚಿದರೆ ಉಂಗುರವೂ ಬುಡವೂ ಒಂದಾಗಿ, ಯಾರೋ ಬಲ ರೆಕ್ಕೆಯನ್ನು ಬಿಡದೆ ಹಿಡಿದಿದ್ದಾರೆಂದು ಕೀಯರ್ ತಿಳಿಯುತ್ತದೆ. ಡಾ ಡಾ ಡಾ ಡಾ, ಪ್ಲಗ್ ಕೀಳುವವರೆಗೆ.

ಕೀಯರ್‌ನಿಂದ ಟ್ರಾನ್ಸ್‌ಮಿಟರ್‌ಗೆ ಎರಡೇ ತಂತಿ. ಆದರೆ ಈಗಿನ ಸೆಟ್‌ಗಳ ಹೊಟ್ಟೆಯಲ್ಲೂ ಒಂದು ಕೀಯರ್ ಇರುತ್ತದೆ. ಮೆನುವಿನಲ್ಲಿ 'ಸ್ಟ್ರೇಟ್ ಕೀ' ಎಂದು ಆರಿಸಿ ಅದನ್ನು ಮಲಗಿಸದಿದ್ದರೆ, ಹೊರಗಿನದು ಕಳಿಸಿದ ಡಾ ಅನ್ನು ಒಳಗಿನದು ಡಿಟ್ಟುಗಳಾಗಿ ಕೊಚ್ಚಿ ಬಡಿಸುತ್ತದೆ. ಹಳೆಯ ವಾಲ್ವ್ ಸೆಟ್‌ಗಳದ್ದು ಬೇರೆಯೇ ಜಂಭ. ಕೆಲವಕ್ಕೆ ಕೀ ಜಾಗದಲ್ಲಿ ಋಣ ವೋಲ್ಟೇಜ್, ಕೆಲವಕ್ಕೆ ಧನ. ಕೀಯರ್‌ನ ಪುಟ್ಟ ಟ್ರಾನ್ಸಿಸ್ಟರ್ ಬದುಕಬೇಕಾದರೆ ನಡುವೆ ರಿಲೇ ಕೂರಿಸುವುದು ಕ್ಷೇಮ.

ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ ಹಾಕಿದಾಗ ಎಲ್ಲ ಸಭ್ಯವಾಗಿತ್ತು. ಆಂಟೆನಾಕ್ಕೆ ಬದಲಾಯಿಸಿದ್ದೇ ಕೀಯರ್ ತನ್ನಷ್ಟಕ್ಕೇ ಮಾತಿಗಿಳಿಯಿತು. ನಾವು ಹೊರಗೆ ಕಳಿಸಿದ ರೇಡಿಯೋ ಅಲೆ ಪ್ಯಾಡ್ಲ್‌ನ ತಂತಿ ಹಿಡಿದು ಒಳಗೆ ಬರುತ್ತದಂತೆ. ತನ್ನ ಭಾಷಣ ತಾನೇ ಕೇಳಿ ಉಬ್ಬುವವರು ಮನುಷ್ಯರಲ್ಲಿ ಮಾತ್ರ ಎಂದುಕೊಂಡಿದ್ದೆ. ತಂತಿಗೆ ಫೆರೈಟ್ ತೊಡಿಸಿ, ಜ್ಯಾಕ್‌ನಲ್ಲಿ 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ಗಳನ್ನು ಬೆಸೆದ ಮೇಲೆ ತೆಪ್ಪಗಾಯಿತು.

ವೇಗ ನಿಮಿಷಕ್ಕೆ 20 ಪದಕ್ಕಿಟ್ಟು ಯಾರಾದರೂ ಮಾತಿಗೆ ಬನ್ನಿ ಎಂದು 'ಸಿಕ್ಯೂ' ಕರೆದೆ. ಒಂದೊಂದು ಡಿಟ್ ಕರಾರುವಾಕ್ಕಾಗಿ 60 ಮಿಲಿಸೆಕೆಂಡ್. ರಾಯರೂ ಹುಬ್ಬೇರಿಸಿದರು. ಕಳಿಸಿದ ವೇಗದಲ್ಲೇ ಉತ್ತರ ಕೊಡುವುದು ಈ ಲೋಕದ ಮರ್ಯಾದೆ. ಉತ್ತರವೂ 20ರಲ್ಲೇ ಬಂತು. ಪರೀಕ್ಷೆಯಲ್ಲಿ 8 ಪದದ ವೇಗಕ್ಕೆ ಪಾಸಾದ ಕಿವಿ ನನ್ನದು. ಕಿವಿಗೆ ಜೋಡಿಸುವ ಡಬ್ಬಿ ಯಾವುದೂ ಮೇಜಿನ ಮೇಲಿರಲಿಲ್ಲ.

"ಹೆಸರು ಹೇಳಿದಾನೆ, ನಿನ್ನೂರು ಕೇಳ್ತಿದಾನೆ," ಎಂದರು ರಾಯರು, ಕಾಫಿ ಲೋಟ ಕೆಳಗಿಡದೆ.

ನಿಧಾನವಾಗಿ ಕಳಿಸಿ ಎಂದು ಬೇಡಿಕೊಳ್ಳಲು 'ಕ್ಯೂಆರ್‌ಎಸ್' ಎಂಬ ಸಂಕೇತವಿದೆ. ಕಳಿಸಿದೆ. ಕೀಯರ್ ಅದನ್ನೂ ಅಷ್ಟೇ ವೇಗದಲ್ಲಿ, ಒಂದು ಮಾತ್ರೆ ಹೆಚ್ಚುಕಮ್ಮಿಯಾಗದಂತೆ ನುಡಿಯಿತು. ಆ ಕಡೆಯ ಪುಣ್ಯಾತ್ಮ ನಂಬಬೇಕಲ್ಲ!