ಸ್ಟಾರ್ಟ್ ಮೆನು ಮೀಮಾಂಸೆ

ಸ್ಟಾರ್ಟ್ ಮೆನು ಶಾಸ್ತ್ರದ ವಿಷಯ, ಬೇಕಾದ ಪ್ರೋಗ್ರಾಮನ್ನು ಬೇಗ ತೆರೆಯುವುದು. ಇದಕ್ಕೆ ಅಧಿಕಾರಿ, ಮಾಡಬೇಕಾದ ಕೆಲಸ ಮುಂದಿದ್ದೂ ಅದನ್ನು ಮುಂದೂಡಬಯಸುವ ಸಾಧಕ. ಪ್ರಯೋಜನ, ಕಾಲದ ಉಳಿತಾಯ. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧ ಮಾತ್ರ ಇಂದಿಗೂ ವಾದಗ್ರಸ್ತ.

ಉತ್ಪತ್ತಿ: ಈ ಮೆನು 1995ರ ಆಗಸ್ಟ್ 24ರಂದು ವಿಂಡೋಸ್ 95ರೊಡನೆ ಅವತರಿಸಿತು. ಇದರ ಪ್ರೋಗ್ರಾಮ್ ಪಟ್ಟಿ ವಸ್ತುತಃ ಒಂದು ಫೋಲ್ಡರು. ಅದರೊಳಗೆ ಸಾಮಾನ್ಯವಾಗಿ ಇರುವುದು ಪ್ರೋಗ್ರಾಮುಗಳಲ್ಲ, ಅವುಗಳತ್ತ ಬೆರಳು ತೋರುವ ಶಾರ್ಟ್‌ಕಟ್‌ಗಳು. ಶಾರ್ಟ್‌ಕಟ್ ನಶ್ವರ, ಅದನ್ನು ಅಳಿಸಿದರೂ ಪ್ರೋಗ್ರಾಮಿಗೆ ಚ್ಯುತಿಯಿಲ್ಲ.

ಮತಭೇದ: ಸಾಧಕರಲ್ಲಿ ನಾಲ್ಕು ಪಂಥಗಳು ಪ್ರಸಿದ್ಧ. ಕರ್ಮಠರು ಫೋಲ್ಡರಿನೊಳಗೆ ಫೋಲ್ಡರು ಮಾಡಿ ‘ಕಚೇರಿ’, ‘ಮನೆ’, ‘ಇತರೆ’ ಎಂದು ವಿಂಗಡಿಸುತ್ತಾರೆ. ಕಾಲಕ್ರಮದಲ್ಲಿ ಎಲ್ಲವೂ ‘ಇತರೆ’ಯಲ್ಲಿ ಲೀನವಾಗುತ್ತದೆ. ಸಾಂಖ್ಯರು ಶಾರ್ಟ್‌ಕಟ್‌ಗಳನ್ನು ಸ್ಟಾರ್ಟ್ ಗುಂಡಿಯ ಮೇಲೆ ಎಳೆದುಬಿಟ್ಟು, ‘1 ನುಡಿ’, ‘2 ಎಕ್ಸೆಲ್’ ಎಂದು ಹೆಸರಿನ ಮೊದಲಿಗೆ ಅಂಕಿ ಹಚ್ಚುತ್ತಾರೆ. ಹಳೆಯ ಮಾದರಿಯ ಮೆನುವಿನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಕೂಡಿಸಿ ಒತ್ತಿ, ಬಳಿಕ 1 ಒತ್ತಿದರೆ ನುಡಿ ತೆರೆಯುತ್ತದೆ. ಯಾವ ಅಂಕಿಗೆ ಯಾವ ಪ್ರೋಗ್ರಾಮು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವುದು ಈ ಪಂಥದ ಆಚಾರ. ಶೂನ್ಯವಾದಿಗಳು ರಿಜಿಸ್ಟ್ರಿಯನ್ನು ಹೊಕ್ಕು, ಉಪಮೆನು ತೆರೆಯುವ ಮುನ್ನ ಕಾಯಬೇಕಾದ 400 ಮಿಲಿಸೆಕೆಂಡನ್ನು ಸೊನ್ನೆಗೆ ಇಳಿಸುತ್ತಾರೆ. ಆಗ ಮೌಸ್ ತುಸು ಸರಿದರೂ ಬೇಡದ ಉಪಮೆನುಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಭಕ್ತಿಮಾರ್ಗ ಪ್ರಬಲವಾಯಿತು: ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪಿಸಿದರೆ ಸಾಕು, ಪ್ರೋಗ್ರಾಮು ಪ್ರತ್ಯಕ್ಷ. ನಾಮಸ್ಮರಣೆ ಇಷ್ಟು ಸುಲಭವಾದುದರಿಂದಲೇ ಉಳಿದ ಮೂರು ಪಂಥಗಳು ಇದನ್ನು ಶಾಸ್ತ್ರವೆಂದು ಒಪ್ಪುವುದಿಲ್ಲ.

ಪ್ರಳಯ: 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯೇ ಮಾಯವಾಯಿತು. ಸಾಧಕರ ಆಕ್ರಂದನಕ್ಕೆ 2013ರಲ್ಲಿ ಗುಂಡಿ ಮರಳಿತು. ಮೆನು ಮರಳಲು 2015ರ ವಿಂಡೋಸ್ 10 ಬರಬೇಕಾಯಿತು. 2021ರ ವಿಂಡೋಸ್ 11 ಎಡಮೂಲೆಯ ಗುಂಡಿಯನ್ನು ನಡುವಿಗೆ ಸರಿಸಿ ಮಧ್ಯಮಮಾರ್ಗ ಹಿಡಿಯಿತು. ಅದನ್ನು ಮತ್ತೆ ಎಡಕ್ಕೆ ತರುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುವುದರಿಂದ ಸಾಧಕರು ನಿರುದ್ಯೋಗಿಗಳಾಗಲಿಲ್ಲ.

ಫಲಶ್ರುತಿ: ದಿನಕ್ಕೆ ಐವತ್ತು ಬಾರಿ ಉಪಮೆನು ತೆರೆಯುವ ಶೂನ್ಯವಾದಿ ದಿನವಹಿ 20 ಸೆಕೆಂಡು ಉಳಿಸುತ್ತಾನೆ. ಮೆನುವನ್ನು ಸಿದ್ಧಗೊಳಿಸಲು ಮೂರು ಗಂಟೆ ಹಿಡಿದಿದ್ದರೆ ಆ ಸಾಲ ತೀರಲು 540 ದಿನ ಬೇಕು. 541ನೆಯ ದಿನದಿಂದ ಸಿಗುವುದೆಲ್ಲ ನಿವ್ವಳ ಲಾಭ, ಅಷ್ಟರೊಳಗೆ ಯಾರೂ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡದಿದ್ದರೆ.