ವಿಕೃತಿಮೀಮಾಂಸೆ ಅಥವಾ ನಾಲ್ಕನೆಯ ಸೀಟಿನ ಸಾಂಖ್ಯ

ಘನಪದಾರ್ಥದ ಮೇಲೆ ಹೊರಗಿನ ಬಲವು ಬಿದ್ದಾಗ ಅದರ ಆಕಾರಗಾತ್ರಗಳಲ್ಲಿ ಉಂಟಾಗುವ ವ್ಯತ್ಯಾಸವನ್ನು ಭೌತಶಾಸ್ತ್ರಜ್ಞರು ವಿಕೃತಿಯೆಂದೂ, ಅದಕ್ಕೆ ಕಾರಣವಾದುದನ್ನು ಪೀಡನವೆಂದೂ ಕರೆದಿರುವರು. ಈ ಎರಡನೆಯ ಹೆಸರನ್ನು ಕನ್ನಡದಲ್ಲಿ ಇಟ್ಟ ಮಹನೀಯರು ಸಂಜೆಯ ಹೊತ್ತಿನಲ್ಲಿ ಮುಂಬಯಿಯ ಚರ್ಚ್‌ಗೇಟಿನಿಂದ ವಿರಾರ್ ಫಾಸ್ಟ್ ಲೋಕಲ್ ಗಾಡಿಯನ್ನು ಹತ್ತಿದವರೇ ಇರಬೇಕೆಂಬುದು ನಮ್ಮ ಊಹೆ. ಪೀಡನವಿದ್ದಷ್ಟೇ ವಿಕೃತಿ ಎಂಬ ಅನುಪಾತವನ್ನು ಕಂಡ ರಾಬರ್ಟ್ ಹುಕ್ಕನು, 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿ, 1678ರಲ್ಲಿ ತಾನೇ ಬಿಡಿಸಿದನು. ಪಾಪ, ಆತನ ಬಳಿ ಇದ್ದುದು ತಂತಿ ಮತ್ತು ಸ್ಪ್ರಿಂಗುಗಳು ಮಾತ್ರ. ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿಯು ಹೊರಟ 1853ರ ಏಪ್ರಿಲ್ 16ಕ್ಕೆ ಇನ್ನೂ 175 ವರ್ಷಗಳು ಕಳೆಯಬೇಕಾಗಿದ್ದವು. ಕುರ್ಲಾದವರೆಗೆ ವಿದ್ಯುತ್ ಗಾಡಿಯು ಓಡಲು 1925 ಬರಬೇಕಾಯಿತು.

ಹುಕ್ಕನಿಗೆ ಎಟುಕದಿದ್ದುದು ನಮ್ಮ ಈಶ್ವರಕೃಷ್ಣನಿಗೆ ಎಟುಕಿತ್ತು. ಸಾಂಖ್ಯಕಾರಿಕೆಯ ಕರ್ತೃವಾದ ಈತನು ಸಮಸ್ತ ತತ್ತ್ವಗಳನ್ನೂ ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ಯಾವುದರಿಂದಲೂ ವಿಕಾರಗೊಳ್ಳದ ಮೂಲಪ್ರಕೃತಿಯೆಂದರೆ ಕಾರ್‌ಶೆಡ್ಡಿನಿಂದ ಹೊರಬೀಳುವ ಖಾಲಿ ಡಬ್ಬಾ. ಇದರ ದರ್ಶನವು ಯೋಗಿಗಳಿಗೂ ದುರ್ಲಭ. ಎರಡನೆಯದು, ತಾನೂ ವಿಕೃತಿಯಾಗಿದ್ದು ಇತರರ ವಿಕೃತಿಗೂ ಕಾರಣವಾಗುವ ವರ್ಗ: ಮೂವರಿಗೆಂದು ನಿರ್ಮಿತವಾದ ಆಸನದ ಬಳಿ ನಿಂತು, ‘ಜರಾ ಸರಕೋ’ ಎಂಬ ಬೀಜಮಂತ್ರವನ್ನು ಉಚ್ಚರಿಸಿ, ದೇಹಾರ್ಧವನ್ನು ಹಲಗೆಯ ಮೇಲೂ ಉಳಿದರ್ಧವನ್ನು ಆಕಾಶತತ್ತ್ವದಲ್ಲಿಯೂ ಪ್ರತಿಷ್ಠಾಪಿಸಿ, ಮೂವರನ್ನೂ ಕಿಟಕಿಯತ್ತ ಒತ್ತರಿಸುವ ನಾಲ್ಕನೆಯ ಸೀಟಿನವನಲ್ಲದೆ ಇದು ಇನ್ನಾರು? ಮೂರನೆಯದು, ಇತರರನ್ನು ವಿಕೃತಗೊಳಿಸದ ಕೇವಲ ವಿಕಾರ: ಎಂದರೆ ನಿಂತವರು. ಇದರ ಸಂಖ್ಯೆಯನ್ನು ಈಶ್ವರಕೃಷ್ಣನು ಹದಿನಾರೆಂದು ನಿರ್ಣಯಿಸಿದನು. ರೈಲ್ವೆಯವರೂ ನೂಕುನುಗ್ಗಲಿನ ವೇಳೆಯಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನರು ನಿಲ್ಲುವರೆಂದು ಲೆಕ್ಕಹಾಕಿ, ಅದಕ್ಕೆ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂಬ ಪಾರಿಭಾಷಿಕ ನಾಮವನ್ನು ಕೊಟ್ಟಿರುವುದರಿಂದ, ಈ ಇಲಾಖೆಯಲ್ಲಿ ಸಾಂಖ್ಯಾಧ್ಯಯನವು ಗುಪ್ತವಾಗಿ ನಡೆಯುತ್ತಿದೆಯೆಂದು ಸಿದ್ಧವಾಗುತ್ತದೆ. ನಿಂತವರೂ ಪರಸ್ಪರ ಒತ್ತುವರಲ್ಲವೇ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಒತ್ತಲು ಸ್ಥಳವೆಲ್ಲಿದೆ ಎಂದು ಉತ್ತರ. ಇನ್ನು ಪ್ರಕೃತಿಯೂ ಅಲ್ಲದ, ವಿಕೃತಿಯೂ ಅಲ್ಲದ, ಸರ್ವವನ್ನೂ ನೋಡುತ್ತ ಯಾವುದರಲ್ಲಿಯೂ ತೊಡಗದ ಸಾಕ್ಷಿಯಾದ ಪುರುಷನು ಕಿಟಕಿಯ ಸೀಟಿನಲ್ಲಿರುವನು. ಸಾಂಖ್ಯರು ಪುರುಷಬಹುತ್ವವನ್ನು ಒಪ್ಪಿದುದೇಕೆಂಬುದು ಡಬ್ಬಾ ಒಂದಕ್ಕೆ ಇರುವ ಕಿಟಕಿಗಳನ್ನು ಎಣಿಸಿದವರಿಗೆ ವೇದ್ಯ.

ಬಲವು ತೊಲಗಿದೊಡನೆ ಪೂರ್ವಾಕಾರವನ್ನು ಹೊಂದುವ ಗುಣವು ಸ್ಥಿತಿಸ್ಥಾಪಕತ್ವ. ದಾದರಿನಲ್ಲಿ ಇಳಿಯಲಪೇಕ್ಷಿಸಿ, ತನ್ನ ಪ್ರಯತ್ನವಿಲ್ಲದೆಯೇ ಪ್ಲಾಟ್‌ಫಾರ್ಮಿಗೆ ಸಂದ ಮನುಷ್ಯನ ಪಕ್ಕೆಲುಬುಗಳು ಮಾಟುಂಗಾದ ಉಡುಪಿ ಹೋಟೆಲಿನ ಮೊದಲನೆಯ ಇಡ್ಲಿಯ ವೇಳೆಗೆ ಸ್ವಸ್ಥಾನವನ್ನು ಸೇರುವುದು ಅನುಭವಸಿದ್ಧ. ಇಸ್ತ್ರಿಯ ಅಂಗಿ ಮತ್ತು ಕೊಡೆಗಳಲ್ಲಿ ಮಾತ್ರ ಈ ಗುಣವು ಕಾಣಬರಲಿಲ್ಲ. ಅಲ್ಪವಾದರೂ ಸತತವಾದ ಪೀಡನದಿಂದ ಕಾಲಾಂತರದಲ್ಲಿ ಶಾಶ್ವತ ವಿಕೃತಿಯುಂಟಾಗುವುದೆಂದು ಲೋಹಶಾಸ್ತ್ರವು ಹೇಳುತ್ತದೆ. ಇದಕ್ಕೆ ನಿದರ್ಶನವಾಗಿ, ಡೊಂಬಿವಲಿಯಿಂದ ದಿನವೂ ಓಡಾಡಿ ನೌಕರಿ ಮಾಡಿ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿರುವ ನಮ್ಮ ಬಂಧುಗಳು, ಮೂವರು ಕುಳಿತುಕೊಳ್ಳಬಹುದಾದ ಸೋಫಾದಲ್ಲಿ ಒಬ್ಬರೇ ಇದ್ದರೂ ಅದರ ತುದಿಯಲ್ಲಿ, ಒಂದು ಕಾಲನ್ನು ನಡುಹಾದಿಗೆ ಚಾಚಿಯೇ ಪತ್ರಿಕೆಯನ್ನು ಓದುತ್ತಾರೆ.

ಮಹಿಳೆಯರ ಡಬ್ಬಾದಲ್ಲಿಯೂ ಇವೇ ನಿಯಮಗಳು ಸಲ್ಲುವುವೇ ಎಂಬ ಪ್ರಶ್ನೆಯಲ್ಲಿ, ರೈಲ್ವೆ ಕಾಯಿದೆಯ 162ನೆಯ ಕಲಮು ನಮಗೆ ಪ್ರತ್ಯಕ್ಷಪ್ರಮಾಣವನ್ನು ನಿಷೇಧಿಸಿರುವುದರಿಂದ ಶಬ್ದಪ್ರಮಾಣವೇ ಗತಿ. ಮನೆಯವರನ್ನು ವಿಚಾರಿಸಲಾಗಿ, “ನಿಂತೇ ನಾಳೆಯ ಹುರುಳಿಕಾಯಿ ಸೋಸಿಕೊಂಡು ಬಂದಿದ್ದೇನೆ; ನೀವು ಅದೇನು ಬರೆಯುತ್ತೀರೋ ಬರೆದುಕೊಳ್ಳಿ” ಎಂದರು. ಹದಿನಾರು ವಿಕಾರಗಳ ಮಧ್ಯದಲ್ಲಿ ಮೊಳಕೈಗಳೆರಡಕ್ಕೂ ಚಲನೆಯು ಹೇಗೆ ಲಭ್ಯವಾಯಿತೆಂಬುದನ್ನು ಹುಕ್ಕನ ಅನುಯಾಯಿಗಳು ವಿವರಿಸಬೇಕು.