ನೆತ್ತಿಗೇರಿದ ಕಣ್ಣು

ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ನಮ್ಮ ಅತ್ತಿಗೆಗೆ ದೊಡ್ಡ ಹೆಸರು. ಸೀಟು ಸಿಕ್ಕರೂ ಕೂರುವವರಲ್ಲ. ಮುದುಕರಿಗೆ, ಬಸುರಿಯರಿಗೆ, ಬೆನ್ನಿಗೆ ಬ್ಯಾಗು ಹೊತ್ತ ಕಾಲೇಜು ಹುಡುಗರಿಗೆ, ಕೊನೆಗೆ ಏನನ್ನೂ ಹೊರದ, ಏನೂ ಆಗಿರದ ಮೂವತ್ತರ ಗಟ್ಟಿಮುಟ್ಟು ಗಂಡಸಿಗೂ "ಕೂತ್ಕೊಳಪ್ಪ" ಎಂದು ಎದ್ದುಬಿಡುತ್ತಾರೆ. ವಿಜಯನಗರದಿಂದ ಇಂದಿರಾನಗರದವರೆಗೆ ನಿಂತೇ ಪ್ರಯಾಣ. "ಈ ಕಾಲದಲ್ಲೂ ಇಂಥವರು ಇದ್ದಾರಲ್ಲ" ಎಂದು ಒಬ್ಬ ಯಜಮಾನರು ಕೈ ಮುಗಿದದ್ದನ್ನು ನಾನೇ ಕಂಡಿದ್ದೇನೆ. ಅಸಲು ಕಾರಣ ನನಗೆ ಗೊತ್ತು. ಕೂತರೆ, ನಿಂತವರಿಗೆ ನೆತ್ತಿ ಕಾಣುತ್ತದೆ.

ಅತ್ತಿಗೆಗೆ ಐವತ್ತೊಂದು. ಇಂಥ ಅತ್ತಿಗೆ ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ, ನೋಡಿದರೆ ತಿಳಿಯುತ್ತದೆ. ಮದುವೆಮನೆಗೆ ಬಂದವರು ಮೊದಲು ಮಂಟಪ ನೋಡುವುದಿಲ್ಲ, ಛಾವಣಿ ನೋಡುತ್ತಾರೆ. ನೇರ ದೀಪ ಬೀಳುವ ಕುರ್ಚಿ ಬಿಟ್ಟು ಕಂಬದ ನೆರಳು ಹಿಡಿಯುತ್ತಾರೆ. ಫ್ಯಾನಿನ ಕೆಳಗೆ ಕೂರುವುದಿಲ್ಲ. ಫೋಟೋಕ್ಕೆ ಹಿಂದಿನ ಸಾಲು. ಬೈತಲೆ ಹೋದ ವಾರ ಎಡಕ್ಕಿದ್ದದ್ದು ಈ ವಾರ ಬಲಕ್ಕಿರುತ್ತದೆ, ಹಬ್ಬಕ್ಕೆ ಅಡ್ಡಾದಿಡ್ಡಿ ಹೋಗಿರುತ್ತದೆ. ಅಹಂಕಾರ ಬಂದವರ ಕಣ್ಣು ನೆತ್ತಿಗೇರಿದೆ ಅನ್ನುತ್ತೇವಲ್ಲ, ಅತ್ತಿಗೆ ಲೆಕ್ಕದಲ್ಲಿ ಊರವರ ಕಣ್ಣೆಲ್ಲ ಏರಿ ಕೂತಿರುವುದು ಇವರ ನೆತ್ತಿಗೆ. (ನನಗೆ ನಲವತ್ತಾರು. ನನ್ನ ಬೈತಲೆಯ ವಿಷಯ ಈ ಬರಹದಲ್ಲಿಲ್ಲ.)

ಎಲ್ಲ ಶುರುವಾದದ್ದು ಒಂದು ಕಳೆದುಹೋದ ಪಾರ್ಸೆಲ್ಲಿನಿಂದ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ಸಿಸಿಟಿವಿ ಹಿಂದಕ್ಕೆ ಓಡಿಸಿ ತೋರಿಸುತ್ತಿದ್ದ. ಪರದೆಯ ಮೇಲೆ ಲಿಫ್ಟು, ಲಿಫ್ಟಿನಲ್ಲಿ ಒಬ್ಬ ಹೆಂಗಸು. ಕ್ಯಾಮೆರಾ ಮೇಲಿನ ಮೂಲೆಯಲ್ಲಿದ್ದುದರಿಂದ ಮುಖ ಕಾಣದು, ತಲೆ ಮಾತ್ರ. "ಪಾಪ, ಯಾರಪ್ಪ ಇದು? ನಡುನೆತ್ತಿ ಇಷ್ಟು ಬರಿದಾಗಿದೆ, ಒಂದು ಚೂರು ಎಣ್ಣೆನಾದ್ರೂ ಹಚ್ಚಬಾರದೇ" ಅಂದರು ಅತ್ತಿಗೆ. ಸೆಕ್ಯುರಿಟಿಯವನು ಉತ್ತರ ಕೊಡದೆ ಗೋಡೆ ನೋಡಿದ. ಆಮೇಲೆ ಸೀರೆಯ ಅಂಚು ಗುರುತು ಸಿಕ್ಕಿತು. ಹಸಿರು ಇಳಕಲ್ಲು, ಅವರದೇ. ಪಾರ್ಸೆಲ್ ಏನಾಯಿತೋ ಇವತ್ತಿಗೂ ಯಾರೂ ಕೇಳಿಲ್ಲ.

ಮಾರನೇ ದಿನದಿಂದ ಎಣಿಕೆ. ಅತ್ತಿಗೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವರು, ಅಂದಾಜು ಅನ್ನುವುದು ಅವರಿಗಾಗದು. ಸ್ನಾನದ ಮನೆಯ ಜಾಲರಿ, ದಿಂಬು, ಬಾಚಣಿಗೆ, ಸೆರಗು ಎಲ್ಲ ಕಡೆಯಿಂದ ಆರಿಸಿ ತಂದು ಬಿಳಿ ಟವೆಲ್ಲಿನ ಮೇಲೆ ಹತ್ತು ಹತ್ತರ ಕಟ್ಟು ಮಾಡುತ್ತಿದ್ದರು. ಲೆಕ್ಕ ಬರೆಯಲು ಬೇರೆ ಪುಸ್ತಕವೇಕೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲೇ, ಹಾಲಿನ ಲೆಕ್ಕದ ಪಕ್ಕದಲ್ಲಿ: ಸೋಮವಾರ 1, 94. ಮಂಗಳವಾರ 1, 87. ಏಕಾದಶಿ, ತಲೆಗೆ ನೀರು ಹಾಕಿಕೊಂಡ ದಿನ, 1, 162. ತಿಂಗಳ ಕೊನೆಗೆ ಅಣ್ಣ ಕನ್ನಡಕ ಏರಿಸಿಕೊಂಡು ಎಲ್ಲ ಕೂಡಿಸಿ, ಹಾಲಿನವನ ಜತೆ ಗೇಟಿನ ಹತ್ತಿರ ಅರ್ಧ ಗಂಟೆ ಜಗಳವಾಡಿದ. ಒಂದೇ ದಿನಕ್ಕೆ 162 ಪ್ಯಾಕೆಟ್ಟು ಹಾಕಿದ್ದೀಯ ಅನ್ನುವುದು ಅವನ ತಕರಾರು. ತಕರಾರಿನ ಮೂಲ ತಿಳಿದ ಮೇಲೆ ಇಬ್ಬರೂ ಅತ್ತಿಗೆಯ ಕಡೆ ನೋಡಿದರು. ಅಂದರೆ ಅತ್ತಿಗೆಯ ಪ್ರಕಾರ, ನೆತ್ತಿಯ ಕಡೆ ನೋಡಿದರು.

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ತಲೆಯ ಮೇಲೆ ಸುಮಾರು ಒಂದು ಲಕ್ಷ ಇರುತ್ತವೆ ಅಂತ ಹೇಳಿ ನೋಡಿದೆ. ಲಕ್ಷ ಅಂದದ್ದೇ ತಪ್ಪಾಯಿತು. "ಲಕ್ಷ ಇಟ್ಟು ದಿನಾ ನೂರು ತೆಗೆದರೆ ಎಷ್ಟು ದಿನ ಬರುತ್ತೆ ಹೇಳು" ಅಂದರು. ಸಾವಿರ ದಿನ. ಜಮಾ ಆಗುವ ಲೆಕ್ಕವನ್ನು ಅವರು ಹಿಡಿಯಲೇ ಇಲ್ಲ, ಬ್ಯಾಂಕಿನವರಾಗಿದ್ದೂ.

ಸಲಹೆಗಳು ಬರತೊಡಗಿದವು. ಬೋರ್‌ವೆಲ್ ನೀರು ಬಿಟ್ಟು ಕಾವೇರಿ ನೀರು ಹಾಕಿಕೋ. ದಾಸವಾಳದ ಎಲೆ ಅರೆದು ಹಚ್ಚು. ಶಾಂಪೂ ಬಿಸಾಕಿ ಸೀಗೆಪುಡಿಗೆ ಚಿಗರೆಪುಡಿ ಬೆರೆಸು. ಈರುಳ್ಳಿ ರಸ. ಅಕ್ಕಿ ತೊಳೆದ ನೀರು. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಯವರ ಎಣ್ಣೆ. ಅದರ ಬಾಟಲಿಯ ಮೇಲೆ ಮೊಣಕಾಲು ಮುಟ್ಟುವ ಜಡೆಯ ಚಿತ್ರ ನೋಡಿ ಅತ್ತಿಗೆ ಮೂರು ಬಾಟಲಿ ತರಿಸಿದರು. ಅದು ಮುಗಿದ ಮೇಲೆ ತಾವೇ ಕಾಸಿದರು: ಕೊಬ್ಬರಿ ಎಣ್ಣೆ, ಕರಿಬೇವು, ಮೆಂತ್ಯ, ಒಣ ನೆಲ್ಲಿಚೆಟ್ಟು, ಗರುಗದ ಸೊಪ್ಪು. ಹೊಗೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಸೋಸಿ ಒಲೆಯ ಪಕ್ಕದ ಜಾಡಿಯಲ್ಲಿಟ್ಟಿದ್ದನ್ನು ಅತ್ತಿಗೆಯ ಮಗಳು ಮೊಸರನ್ನದ ಒಗ್ಗರಣೆಗೆ ಬಳಸಿಬಿಟ್ಟಳು. ಅಣ್ಣ ಎರಡು ಸಲ ಹಾಕಿಸಿಕೊಂಡು ಉಂಡ, "ಇವತ್ತು ಏನೋ ಘಮ ಬೇರೆ ಇದೆ" ಅಂದ. ಆ ಎಣ್ಣೆಯಿಂದ ಆದ ಪ್ರಯೋಜನ, ನಾನು ಕಣ್ಣಾರೆ ಕಂಡದ್ದು, ಅದೊಂದೇ.

ಹೂವಿನದು ಇನ್ನೊಂದು ಪಜೀತಿ. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಒಂದೊಂದು ಮೊಳ ಮಲ್ಲಿಗೆ ಕೊಡುತ್ತಾರೆ. ಅದನ್ನು ಹೊರುವ ತ್ರಾಣ ಜಡೆಗಿಲ್ಲ. ಸಿಕ್ಕಿಸಿದ ಹೇರ್‌ಪಿನ್ನು ಹೂವಿನ ಸಮೇತ ಬೆನ್ನ ಮೇಲೆ ಜಾರಿ ಬರುತ್ತದೆ. ಮುತ್ತೈದೆ ಹೂ ಬೇಡ ಅನ್ನುವ ಹಾಗಿಲ್ಲ. "ಮನೆಗೆ ಹೋಗಿ ಮುಡ್ಕೋತೀನಿ" ಎಂದು ಬ್ಯಾಗಿಗೆ ಹಾಕಿಕೊಂಡು ಬಂದು ಫ್ರಿಜ್ಜಿನಲ್ಲಿಡುತ್ತಾರೆ. ಶ್ರಾವಣದಲ್ಲಿ ಅವರ ಮನೆಯಲ್ಲಿ ಸೊಪ್ಪು ತರಕಾರಿಗೆ ಜಾಗವಿರುವುದಿಲ್ಲ. ಮದುವೆಯಲ್ಲಿ ಹಾಕಿದ ಅಕ್ಷತೆ ಮೊದಲೆಲ್ಲ ಮೂರು ದಿನವಾದರೂ ಬಾಚಣಿಗೆಗೆ ಸಿಗುತ್ತಿತ್ತಂತೆ. ಈಗ ಬಿದ್ದದ್ದು ಬಿದ್ದ ಹಾಗೇ ಇಳಿದುಹೋಗುತ್ತದೆ. ಎರಡು ಜಡೆ ಸೇರುವುದಿಲ್ಲ ಅಂತ ಗಾದೆ. ಒಂದು ದಿನ ಪಕ್ಕಪಕ್ಕ ಕೂತು ಅಳೆದು ನೋಡಿದೆವು. ನಮ್ಮಿಬ್ಬರದನ್ನೂ ಸೇರಿಸಿದರೇ ಒಂದು ಜಡೆಯಾಗುವುದು ಕಷ್ಟ. (ಆವರಣದಲ್ಲಿ ಕೊಟ್ಟ ಮಾತು ಇಲ್ಲಿಗೆ ಮುರಿಯಿತು.)

ಕೊಪ್ಪಳದ ಕಡೆಯಿಂದ ಬಂದ ಅವರ ಮನೆಗೆಲಸದಾಕೆ ಮಾತ್ರ ಯಾವ ಮದ್ದನ್ನೂ ಹೇಳಲಿಲ್ಲ. ಟವೆಲ್ಲಿನ ಮೇಲಿನ ಕಟ್ಟುಗಳನ್ನು ಕಂಡು, "ಅಕ್ಕಾರ, ಇದನ್ನ ಕಸದಾಗ ಚೆಲ್ತೀರೇನ್ರಿ? ನಮ್ಮ ಭಾಗ್ಯನಗರದಾಗ ಕೆ.ಜಿ. ಲೆಕ್ಕದಾಗ ಕೊಳ್ತಾರ್ರಿ" ಅಂದಳು. ನಿಜವೇ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆಮನೆಯಿಂದ ಬಂದ ಉದುರುಗೂದಲಿನ ಗಂಟುಗಳನ್ನು ಹೆಂಗಸರು ಕೂತು ಒಂದೊಂದೇ ಎಳೆಯಾಗಿ ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸುತ್ತಾರೆ. ಅಲ್ಲಿಂದ ಅದು ವಿಗ್ಗಾಗಲು ದೇಶ ದಾಟುತ್ತದೆ. ಹಳ್ಳಿಗಳಲ್ಲಿ ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಬೀದಿ ಕೂಗಿ ಒಯ್ಯುವುದು ಅದಕ್ಕೇ. ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದು, "ನೋಡೇ, ನನ್ನ ಕೂದಲು ನನ್ನ ತಲೆ ಬಿಟ್ಟ ಮೇಲೆ ಉದ್ಧಾರ ಆಗುತ್ತೆ" ಅಂದರು.

ಕೊನೆಗೆ ಮಗಳು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಜತೆಗೆ ನಾನು. ಆಕೆ ಟಾರ್ಚಿನಂಥ ಒಂದು ಕ್ಯಾಮೆರಾವನ್ನು ನೆತ್ತಿಗೆ ಒತ್ತಿದರು, ಎದುರಿನ ಪರದೆಯಲ್ಲಿ ನೆತ್ತಿ ಹತ್ತಾರು ಪಟ್ಟು ದೊಡ್ಡದಾಗಿ ಮೂಡಿತು. ಅತ್ತಿಗೆ ಹುಟ್ಟಿ ಬೆಳೆದದ್ದು ರಾಗಿ ಸೀಮೆಯಲ್ಲಿ. ಕಣ್ಣು ಕಿರಿದು ಮಾಡಿ ನೋಡಿ, "ಕುಯ್ಲು ಆಗಿಹೋಗಿದೆ. ಬರೀ ಕೂಳೆ ಉಳಿದಿದೆ" ಅಂದರು.

ಡಾಕ್ಟರು ನಕ್ಕು, ನಿಮ್ಮ ತಲೆಯಲ್ಲಿ ಎರಡು ಕಥೆ ನಡೆಯುತ್ತಿದೆ ಎಂದರು. ಒಂದು, ಜುಲೈನ ಡೆಂಗಿ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರುತ್ತದೆ. ಜೋರು ಜ್ವರ ಬಂದರೆ ಬೆಳೆಯುತ್ತಿರುವವೂ ರಾಶಿರಾಶಿಯಾಗಿ ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಜುಲೈನ ಜ್ವರದ ಬಿಲ್ಲು ಅಕ್ಟೋಬರಿನಲ್ಲಿ ಬರುತ್ತದೆ. ಪಾಪ, ಅತ್ತಿಗೆ ಅಲ್ಲಿಯವರೆಗೂ ಶಾಪ ಹಾಕುತ್ತಿದ್ದದ್ದು ಆಯುಧಪೂಜೆ ಹೊತ್ತಿಗೆ ಬದಲಿಸಿದ ಶಾಂಪೂಗೆ. ಈ ಕಥೆ ತಾನಾಗಿ ಮುಗಿಯುತ್ತದೆ. ಇನ್ನೊಂದು ಹಾಗಲ್ಲ: ಮುಟ್ಟು ನಿಲ್ಲುವ ಆಜುಬಾಜಿನಲ್ಲಿ ನಡುನೆತ್ತಿಯ ಬೇರುಗಳು ಸಣ್ಣಗಾಗುತ್ತ, ಹುಟ್ಟುವ ಪ್ರತಿ ಕೂದಲೂ ಹಿಂದಿನದಕ್ಕಿಂತ ಎಳಸಾಗುತ್ತ ಹೋಗುತ್ತದೆ. ಹಣೆಯಂಚಿನ ಸಾಲು ಹಾಗೇ ಇದ್ದು ಬೈತಲೆ ಅಗಲವಾಗುತ್ತದೆ. 1977ರಲ್ಲಿ ಲುಡ್ವಿಗ್ ಎಂಬ ವೈದ್ಯರು ಇದನ್ನು ಮೂರು ದರ್ಜೆ ಮಾಡಿದ್ದಾರೆ, ನಿಮ್ಮದು ಎರಡನೆಯದು. "ನಾನು ಓದಿದ್ದರಲ್ಲಿ ಯಾವತ್ತೂ ಸೆಕೆಂಡ್ ಕ್ಲಾಸ್ ಬಂದವಳಲ್ಲ" ಎಂದು ಅತ್ತಿಗೆ ಮುಖ ಊದಿಸಿದರು.

ನಮ್ಮ ಬೀದಿಯ ರಸ್ತೆ ಅಗಲೀಕರಣಕ್ಕೆ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದು ಹದಿನೈದು ವರ್ಷವಾಯಿತು, ಒಂದಡಿ ಮುಂದೆ ಹೋಗಿಲ್ಲ. ಬೈತಲೆಯ ಅಗಲೀಕರಣ ನೋಟಿಸಿಲ್ಲದೆ, ಪರಿಹಾರವಿಲ್ಲದೆ ಎರಡೇ ವರ್ಷದಲ್ಲಿ ಮುಗಿದಿತ್ತು.

ಥೈರಾಯ್ಡು, ಬಿ12, ಕಬ್ಬಿಣದ ದಾಸ್ತಾನು ಎಲ್ಲಕ್ಕೂ ರಕ್ತ ಕೊಟ್ಟದ್ದಾಯಿತು. ಕಬ್ಬಿಣ ಕಡಿಮೆ ಬಂತು, ಮಾತ್ರೆ ಬಂತು. ಹಚ್ಚಲು ಮಿನಾಕ್ಸಿಡಿಲ್ ಬರೆದುಕೊಟ್ಟರು. ಅದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತಂತೆ. ನುಂಗಿದವರಿಗೆ ಎಲ್ಲೆಂದರಲ್ಲಿ ಕೂದಲು ಬಂದದ್ದನ್ನು ಕಂಡು ತಲೆಗೆ ತಂದರು. ಅಮೆರಿಕದಲ್ಲಿ ಗಂಡಸರಿಗೆ 1988ರಲ್ಲಿ, ಹೆಂಗಸರಿಗೆ 1991ರಲ್ಲಿ ಅನುಮತಿ ಸಿಕ್ಕಿತು. "ನಾನೂ ಎಂಟು ವರ್ಷದಿಂದ ಬಿಪಿ ಮಾತ್ರೆ ನುಂಗ್ತಿದೀನಲ್ಲ ಡಾಕ್ಟ್ರೇ" ಎಂದು ಅತ್ತಿಗೆ ವಾದಕ್ಕಿಳಿದರು. ಅದು ಬೇರೆ, ಇದು ಬೇರೆ. ದಿನಾ ಹಚ್ಚಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ, ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು, ಹೆದರಬೇಡಿ ಎಂದರು ಡಾಕ್ಟರು. ಹೆದರಬೇಡಿ ಅನ್ನುವಷ್ಟರಲ್ಲಿ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಐದನೇ ವಾರ ಕ್ಯಾಲೆಂಡರಿನಲ್ಲಿ 210 ಬಂದ ದಿನ ಔಷಧ ಬಚ್ಚಲಿಗೆ ಹೋಯಿತು. ಅದೇ ವಾರ ಗದ್ದದಲ್ಲಿ ಗಟ್ಟಿಯಾದ ಎರಡು ಕೂದಲು ಕಾಣಿಸಿಕೊಂಡವು. ಸರ್ಕಾರಿ ನೌಕರಿಯಿಂದ ನಿವೃತ್ತನಾದ ಅಣ್ಣ ನೋಡಿ, "ಉದುರಿಲ್ಲ ಕಣೇ, ವರ್ಗಾವಣೆ ಆಗಿದೆ" ಅಂದ. ಎರಡು ದಿನ ಅವನಿಗೆ ಕಾಫಿ ಸಿಗಲಿಲ್ಲ.

ಹೇಳಿಕೇಳಿ ಅಣ್ಣನದು ಮೂವತ್ತೈದಕ್ಕೇ ಬೋಳಾದ ತಲೆ. ಅವನಿಗೆ ಇವತ್ತಿನವರೆಗೆ ಯಾರೂ ಒಂದು ದಾಸವಾಳದ ಎಲೆ ತಂದುಕೊಟ್ಟಿಲ್ಲ. ದುಡ್ಡು ಬರುವ ಲಕ್ಷಣ ಅಂದರು, ಬಾಸು ಅಂದರು. ಗಂಡಸರ ಬೊಕ್ಕತಲೆಗೆ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಅಂತ ಸಿನಿಮಾವೇ ಬಂತು, ಜನ ನಕ್ಕರು, ಅತ್ತರು. ಹೆಂಗಸರದಕ್ಕೆ ಸಿನಿಮಾ ಹಾಗಿರಲಿ, ನಮ್ಮ ಭಾಷೆಯಲ್ಲಿ ಒಂದು ಮರ್ಯಾದೆಯ ಪದವಿಲ್ಲ. ಗಂಡಸಿಗೆ ಬೋಳುತಲೆ ಅಂದರೆ ಅದು ವರ್ಣನೆ. ಹೆಂಗಸಿಗೆ ಆ ಪದ ತಿರುಗಿಸಿದರೆ ಬೈಗುಳ, ಅದೂ ಗಂಡ ಸತ್ತವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಹಿತ್ತಲ ಕೋಣೆಗೆ ಕಳಿಸುತ್ತಿದ್ದ ಕಾಲದ ಬೈಗುಳ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜಿಯ ಅಕ್ಕನನ್ನು ನಾನು ಕಂಡದ್ದು ತಲೆಯ ಮೇಲೆ ಸೆರಗಿಲ್ಲದೆ ಒಂದೇ ಸಲ. ನೀರು ಸೇದುವಾಗ ಜಾರಿತ್ತು. ನಾನು ನೋಡಿದೆನೆಂದು ಗೊತ್ತಾಗಿ ಕೊಡ ಬಿಟ್ಟು ಸೆರಗು ಹಿಡಿದಳು, ಕೊಡ ಬಾವಿಗೆ ಬಿತ್ತು. ಅತ್ತಿಗೆ ಛಾವಣಿ ನೋಡಿ ಕುರ್ಚಿ ಹುಡುಕುವುದಕ್ಕೆ ನಾನು ಎಷ್ಟು ನಕ್ಕರೂ ಆ ಕೊಡದ ಸದ್ದು ನೆನಪಿಗೆ ಬರುತ್ತದೆ.

ಈ ನಡುವೆ ಅತ್ತಿಗೆಗೆ ಹಳೆಯ ಹರಕೆ ಕಾಡತೊಡಗಿತು. ಮಗಳು ಹೊಟ್ಟೆಯಲ್ಲಿದ್ದಾಗ ತಿರುಪತಿಗೆ ಮುಡಿ ಕೊಡುತ್ತೇನೆಂದು ಹೊತ್ತುಕೊಂಡದ್ದು, ಇಪ್ಪತ್ತನಾಲ್ಕು ವರ್ಷದ ಬಾಕಿ. ಹೊತ್ತುಕೊಂಡಾಗ ಜಡೆ ಸೊಂಟದ ಕೆಳಗಿತ್ತು. ತಿಮ್ಮಪ್ಪ ಮೊದಲೇ ಬಡ್ಡಿಕಾಸಿನವನು. ಇಲ್ಲಿ ನೋಡಿದರೆ ಬಡ್ಡಿ ಹಾಗಿರಲಿ, ಅಸಲೇ ದಿನಕ್ಕೆ ನೂರರಂತೆ ಕರಗುತ್ತಿದೆ. ಇನ್ನು ತಡಮಾಡಿದರೆ ಕೊಡಲು ಏನೂ ಉಳಿಯದು ಎಂದು ಅತ್ತಿಗೆ ಟಿಕೆಟ್ ಬುಕ್ ಮಾಡಿಸಿದರು. ನಮ್ಮ ಸೋದರತ್ತೆ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದರು: "ಮುತ್ತೈದೆ ಪೂರ್ತಿ ಕೊಡಬಾರದು. ಮೂರು ಕತ್ತರಿ ಸಾಕು."

ಕಲ್ಯಾಣಕಟ್ಟೆಯಲ್ಲಿ ಸಾಲು ನಿಧಾನ. ಒಳಗಿನಿಂದ ಹೆಂಗಸರು ಬರುತ್ತಲೇ ಇದ್ದರು: ಮುದುಕಿಯರು, ಮೊನ್ನೆ ಮೊನ್ನೆ ಮದುವೆಯಾದವರು, ಒಬ್ಬಳು ಪೊಲೀಸು. ನುಣ್ಣಗಿನ ತಲೆ, ಮೇಲೆ ಹಸಿ ಗಂಧ, ಹಣೆಯಲ್ಲಿ ಅಗಲ ಕುಂಕುಮ, ಕೊರಳಲ್ಲಿ ತಾಳಿ. ಒಬ್ಬರೂ ಸೆರಗು ಎಳೆದುಕೊಳ್ಳಲಿಲ್ಲ. ಟ್ಯೂಬ್‌ಲೈಟುಗಳೆಲ್ಲ ನೇರ ನೆತ್ತಿಯ ಮೇಲೆಯೇ ಉರಿಯುತ್ತಿದ್ದವು. ಅತ್ತಿಗೆ ಆ ದಿನ ಛಾವಣಿ ನೋಡಿದ್ದು ನನಗೆ ನೆನಪಿಲ್ಲ. ಹೆಂಗಸರಿಗೆ ಅಲ್ಲಿ ಹೆಂಗಸರೇ ಕ್ಷೌರ ಮಾಡುತ್ತಾರೆ. ಬ್ಲೇಡು ಬದಲಿಸುತ್ತ ಆಕೆ ತೆಲುಗಿನಲ್ಲಿ ಕೇಳಿದಳು, ಗುಂಡೋ, ಮೂರು ಕತ್ತರಿಯೋ? ಅತ್ತಿಗೆ ತಲೆ ಬಗ್ಗಿಸಿ ಕೂತು, "ಗುಂಡು" ಅಂದರು.

ಬೆಂಗಳೂರಿಗೆ ಬಂದ ಮೇಲೆ ಯಾರೂ ಮೆಂತ್ಯದ ಮಾತೆತ್ತಲಿಲ್ಲ. "ತಿರುಪತೀಗೆ ಹೋಗಿದ್ರಾ? ದರ್ಶನ ಚೆನ್ನಾಗಾಯ್ತಾ? ಲಾಡು ಎಲ್ಲಿ?" ಇಷ್ಟೇ. ಸೆಕ್ಯುರಿಟಿಯವನು ಎದ್ದು ನಿಂತು ಕೈ ಮುಗಿದ. ಸೋದರತ್ತೆ ಮಾತ್ರ ಒಂದು ತಿಂಗಳು ಮಾತು ಬಿಟ್ಟರು. ಮೆಟ್ರೋದಲ್ಲಿ ಈಗ ಜನ ಅತ್ತಿಗೆಗೇ ಎದ್ದು ಜಾಗ ಕೊಡುತ್ತಾರೆ, ಅವರು ಆರಾಮಾಗಿ ಕೂರುತ್ತಾರೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬರುತ್ತಿದೆ. ಬೋಳಿಸಿದರೆ ಮುಂದೆ ದಟ್ಟವಾಗಿ ಬರುತ್ತದೆ ಅನ್ನುವುದು ಸುಳ್ಳು, ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಹಾಗನ್ನಿಸುತ್ತದೆ. ಇದನ್ನು ನಾನು ಅವರಿಗೆ ಹೇಳಿಲ್ಲ.

ನಾಲ್ಕು ತಿಂಗಳು ಕ್ಯಾಲೆಂಡರಿನಲ್ಲಿ ಬರೀ ಹಾಲಿನ ಲೆಕ್ಕವಿತ್ತು. ನಿನ್ನೆ ಹೋದಾಗ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಸುಮ್ಮನೆ ಕಣ್ಣು ಹಾಯಿಸಿದೆ. ಬುಧವಾರದ 1ರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ 3.

"ಏನತ್ತಿಗೆ ಇದು?"

"ಅದಾ? ಮೊಸರಿಗೆ ಅಂತ ಜಾಸ್ತಿ ಹಾಲು ಹಾಕಿಸಿದೆ ಕಣೇ" ಅಂದರು, ಬೆನ್ನು ಹಾಕಿಕೊಂಡೇ.